ಸೂಜಿಯ ನಂತರದ ಅರ್ಧ ತಾಸು

ಆ ಹುಣ್ಣಿಮೆಯ ದಿನ ಹುಲಿಗಿಯಲ್ಲಿ ಜನ ನನಗೆ ಕೈಮುಗಿದರು.

ಅವ್ವನದೊಂದು ಹರಕೆ ಬಾಕಿ ಇತ್ತು. ಅದನ್ನು ತೀರಿಸಲು ನಾನು, ನನ್ನ ಗಂಡ ಮತ್ತು ಅದಕ್ಕೆಂದೇ ತವರೂರಿನಿಂದ ಬಂದಿದ್ದ ಅವ್ವ ಗಂಗಾವತಿಯಿಂದ ಬೆಳಗ್ಗೆಯೇ ಹೊರಟಿದ್ದೆವು. ಹೊಳೆಯಲ್ಲಿ ಮಿಂದು, ಒದ್ದೆ ಕೂದಲನ್ನು ಬೆನ್ನ ಮೇಲೆ ಬಿಟ್ಟುಕೊಂಡೇ ದೇವಿಯ ಗುಡಿಯ ಮುಂದಿನ ಸಾಲಿನಲ್ಲಿ ನಿಂತಿದ್ದೆ. ಕಾಯಿ, ಕರ್ಪೂರ ತರುತ್ತೇನೆಂದು ಗಂಡ ಅಂಗಡಿಯ ಕಡೆ ಹೋಗಿದ್ದರು. ನನ್ನ ಕೈಚೀಲ ಅವರ ಹೆಗಲಲ್ಲೇ ಇತ್ತು. ಅಷ್ಟರಲ್ಲಿ ಮುಂದಿದ್ದವರು ಯಾರೋ ಉಧೋ ಉಧೋ ಎಂದು ಕೂಗಿ ಮುಷ್ಟಿ ತುಂಬ ಭಂಡಾರ ಎರಚಿದರು. ಅರಿಸಿನದ ಪುಡಿ ಬಿಸಿಲಲ್ಲಿ ಹೊಗೆಯಂತೆ ಎದ್ದು ನಮ್ಮ ಮೇಲೆ ಇಳಿಯಿತು.

ಮೊದಲು ಸೀನು ಬಂತು, ಒಂದರ ಬೆನ್ನಿಗೆ ಒಂದು. ಆಮೇಲೆ ಎದೆ ಕಟ್ಟಿತು. ಎಳೆದುಕೊಂಡ ಉಸಿರು ಹೊರಗೆ ಬರಲು ಒಲ್ಲೆ ಎನ್ನುತ್ತಿತ್ತು. ನಾನು ಅಲ್ಲೇ ಕಟ್ಟೆಯ ಮೇಲೆ ಕುಸಿದು, ಎರಡೂ ಕೈಗಳನ್ನು ಮೊಣಕಾಲ ಮೇಲೆ ಊರಿ, ಮುಂದಕ್ಕೂ ಹಿಂದಕ್ಕೂ ತೂಗತೊಡಗಿದೆ. ಹಾಗೆ ತೂಗಿದರೆ ಸ್ವಲ್ಪ ಉಸಿರು ಸಿಗುತ್ತದೆ ಎಂದು ನನ್ನ ಮೈಗೆ ಗೊತ್ತಿತ್ತು.

"ತಾಯಿ ಮೈಮ್ಯಾಲ ಬಂದಾಳ! ಸರೀರಿ, ಜಾಗ ಬಿಡ್ರಿ!" ಎಂದು ಯಾರೋ ಕೂಗಿದರು.

ಜನ ನನ್ನ ಸುತ್ತ ಬಯಲು ಬಿಟ್ಟು ನಿಂತರು. ಒಬ್ಬಾಕೆ ಬಂದು ನನ್ನ ಹಣೆಗೆ ಕುಂಕುಮ ಒತ್ತಿದಳು. ಇನ್ನೊಬ್ಬಾಕೆ, ಐವತ್ತು ದಾಟಿದ ಹೆಂಗಸು, ನನ್ನ ಪಾದ ಹಿಡಿದುಕೊಂಡಳು. "ಯವ್ವಾ, ನನ್ನ ಮಗ ಮನಿ ಬಿಟ್ಟು ಹೋಗ್ಯಾನ. ಎಲ್ಲಿ ಅದಾನ ಹೇಳು. ಜೀವದಿಂದ ಅದಾನೋ ಇಲ್ಲೋ ಅಷ್ಟರ ಹೇಳು."

ನನಗೆ ಎಲ್ಲವೂ ಕೇಳಿಸುತ್ತಿತ್ತು. ನಾನು ಸಾಲಿ ಕಲಿಸುವವಳು, ನನಗೆ ಇರುವುದು ಅಲರ್ಜಿಯ ದಮ್ಮು, ಕಾಲು ಬಿಡು ತಾಯಿ ಎಂದು ಹೇಳಬೇಕೆಂದಿದ್ದೆ. ದನಿ ಬರಲಿಲ್ಲ. ಎದೆಯೊಳಗಿಂದ ಸಿಳ್ಳಿನಂಥ ಸದ್ದು ಮಾತ್ರ ಬಂತು. ಆ ಹೆಂಗಸು ನನ್ನ ಬಾಯಿಯ ಹತ್ತಿರ ಕಿವಿ ತಂದು ಆ ಸಿಳ್ಳಿನಲ್ಲಿ ತನ್ನ ಮಗನ ಸುದ್ದಿ ಹುಡುಕುತ್ತಿದ್ದಳು.

ಅವ್ವ ಮಾತ್ರ ಕೈಮುಗಿದಿರಲಿಲ್ಲ. ಜನರ ಅಂಚಿನಲ್ಲಿ ನಿಂತು, ಸೆರಗನ್ನು ಬಾಯಿಗೆ ಒತ್ತಿಕೊಂಡು, ಬೇರೆ ಯಾರನ್ನೋ ನೋಡುವಂತೆ ನನ್ನನ್ನು ನೋಡುತ್ತಿದ್ದಳು. ಆಮೇಲೆ ಕೂಗಿದಳು. ಕೂಗಿದ್ದು ನನ್ನ ಹೆಸರನ್ನಲ್ಲ. ಸತ್ತುಹೋದ ನನ್ನ ಅಕ್ಕನ ಹೆಸರನ್ನು.

ಗಂಡ ಜನರನ್ನು ತಳ್ಳಿಕೊಂಡು ಬಂದರು. "ದೇವಿನೂ ಅಲ್ಲ ಏನೂ ಅಲ್ಲ, ಆಕಿಗೆ ದಮ್ಮೈತ್ರಿ, ಗಾಳಿ ಬಿಡ್ರಿ," ಎಂದು ಚೀಲದಿಂದ ಉಸಿರಿನ ಔಷಧದ ಪಂಪ್ ತೆಗೆದು ನನ್ನ ಬಾಯಿಗಿಟ್ಟರು. ಸ್ವಲ್ಪ ಹೊತ್ತಿಗೆ ಎದೆ ಸಡಿಲವಾಯಿತು. ಜನ ನಾಚಿಕೊಂಡವರಂತೆ ಚದುರಿದರು. ಮಗನನ್ನು ಕಳೆದುಕೊಂಡ ಆ ಹೆಂಗಸು ಮಾತ್ರ ಅಲ್ಲೇ ಕುಳಿತಿದ್ದಳು. ನಾವು ಏಳುವಾಗ, "ಹೇಳಲಿಲ್ಲಲ್ಲ ಯವ್ವಾ," ಎಂದಳು.

ಹಿಂತಿರುಗುವಾಗ ಕಾರಿನಲ್ಲಿ ನಾನು ಅವ್ವನನ್ನು ಕೇಳಿದೆ. "ಯಾಕ ಅಕ್ಕನ ಹೆಸರು ಹಿಡದು ಕೂಗಿದಿ?"

"ನಾ ಯಾರನ್ನೂ ಕೂಗಿಲ್ಲ," ಎಂದಳು ಅವ್ವ. ಗಂಗಾವತಿ ಬರುವ ತನಕ ಕಿಟಕಿಯಿಂದ ಮುಖ ತಿರುಗಿಸಲಿಲ್ಲ.

ನಾನು ಯಲಬುರ್ಗಾ ತಾಲ್ಲೂಕಿನ ಒಣಭೂಮಿಯವಳು. ಗಂಗಾವತಿಗೆ ಸೊಸೆಯಾಗಿ ಬಂದಾಗ ಕಾಲುವೆಯ ನೀರು, ಕಣ್ಣು ಹಾಯುವವರೆಗೆ ಹಸಿರು ನೆಲ್ಲಿನ ಗದ್ದೆ ನೋಡಿ ಪುಣ್ಯ ಮಾಡಿದ್ದೇನೆ ಅಂದುಕೊಂಡಿದ್ದೆ. ಮೊದಲ ಕೆಲವು ವರ್ಷ ಏನೂ ಆಗಲಿಲ್ಲ. ಮಗಳು ಹುಟ್ಟಿದ ಮೇಲೆ, ಒಂದು ಸುಗ್ಗಿಯಲ್ಲಿ, ಮನೆಯ ಹಿಂದಿನ ಗದ್ದೆಗೆ ಕಟಾವಿನ ಯಂತ್ರ ಬಂದಾಗ ಸೀನು ಶುರುವಾಯಿತು. ಧೂಳು ಎಂದುಕೊಂಡೆವು. ಮುಂದಿನ ಸುಗ್ಗಿಗೆ ಮೂಗು ಕಟ್ಟಿ ಬಾಯಿಯಿಂದ ಉಸಿರಾಡತೊಡಗಿದೆ. ಅದರ ಮುಂದಿನ ಸುಗ್ಗಿಗೆ ಎದೆ ಸದ್ದು ಮಾಡಿತು. ಇಲ್ಲಿ ವರ್ಷಕ್ಕೆ ಎರಡು ಬೆಳೆ, ಎರಡು ಸುಗ್ಗಿ. ನಡುವೆ ಮಿಲ್ಲುಗಳ ಹೊಟ್ಟು, ತಾರಸಿಯ ಮೇಲೆ ಬಂದು ಕೂರುವ ಕರಿ ಬೂದಿ. ಶಾಲೆಯಲ್ಲಿ ಸೀಮೆಸುಣ್ಣ. ಮಾತ್ರೆ ನುಂಗಿದರೆ ಪಾಠದ ನಡುವೆ ತೂಕಡಿಕೆ, ನುಂಗದಿದ್ದರೆ ಸೀನು. ಪಂಪು ಸೆರಗಿನ ಗಂಟಿನಂತೆ ಸದಾ ಜೊತೆಗೇ ಇರಬೇಕಿತ್ತು. ಹೀಗೇ ಹನ್ನೆರಡು ಹದಿಮೂರು ವರ್ಷ ಕಳೆದಿದ್ದೆ. ಇದು ನನ್ನ ಹಣೆಬರಹ ಎಂದು ಒಪ್ಪಿಕೊಂಡೂ ಆಗಿತ್ತು. ಹುಲಿಗಿಯ ಆ ಹೆಂಗಸಿನ ಕಿವಿ ನನ್ನ ಬಾಯಿಯ ಹತ್ತಿರ ಬಂದದ್ದು ಮಾತ್ರ ಮರೆಯಲಾಗಲಿಲ್ಲ. ಮರುವಾರ ಕೊಪ್ಪಳದ ಡಾಕ್ಟರ ಹತ್ತಿರ ಹೋದೆ.

ನನಗಿಂತ ಚಿಕ್ಕ ವಯಸ್ಸಿನ ಹೆಣ್ಣುಮಗಳು ಅವರು. ಮಾತು ಕಡಿಮೆ. ನನ್ನ ಮುಂಗೈ ಮೇಲೆ ಸಾಲಾಗಿ ಹನಿಗಳನ್ನಿಟ್ಟು, ಪ್ರತಿ ಹನಿಯ ಮೇಲೂ ಸಣ್ಣ ಮೊನೆಯಿಂದ ಗೀರಿದರು. ಕಾಯಲು ಹೇಳಿದರು. ನೋಡುತ್ತಿದ್ದಂತೆ ಕೆಲವು ಕಡೆ ಸೊಳ್ಳೆ ಕಚ್ಚಿದ ಹಾಗೆ ದದ್ದು ಎದ್ದವು. ಒಂದೆರಡಂತೂ ಕಡಲೆಕಾಳಿಗಿಂತ ದೊಡ್ಡವಾದವು.

"ಇದು ಹಾಸಿಗಿ ಧೂಳಿನ್ಯಾಗ ಇರೋ ಸಣ್ಣ ಹುಳ. ಇದು ರಸ್ತೆ ಬದಿ ಬೆಳಿತೈತಲ್ಲ, ಪಾರ್ಥೇನಿಯಂ, ಅದರ ಹೂವಿನ ಪುಡಿ," ಎಂದು ಬೆರಳಿಟ್ಟು ತೋರಿಸಿದರು. ನೆಲ್ಲಿನ ಧೂಳು ಇದ್ದದ್ದನ್ನು ಕೆದಕುತ್ತದೆ, ಬೇರು ಇವೆರಡರಲ್ಲಿದೆ ಎಂದರು. ನಂತರ ಸೂಜಿಯ ಮಾತು ತೆಗೆದರು.

"ಮಾತ್ರಿ, ಪಂಪು ಆಯಾ ದಿನದ್ದು ಆಯಾ ದಿನಕ್ಕ ತಡಿತಾವ ಅಷ್ಟ. ಬೇಕಂದ್ರ ಅಲರ್ಜಿ ಸೂಜಿ ಶುರು ಮಾಡಬಹುದು ಅಕ್ಕೋರ. ನಿಮ್ಮ ಮೈಗೆ ಯಾವುದು ಆಗಿ ಬರಂಗಿಲ್ಲೋ ಅದನ್ನ ಮೊದಲು ಚೂರೇ ಚೂರು ಕೊಟ್ಟು, ನಿಧಾನಕ್ಕ ಏರಿಸ್ಕೋತ ಹೋಗೋದು. ಮೈ ಅದರ ಜೋಡಿ ವೈರ ಬಿಡಬೇಕು."

"ಎಷ್ಟು ದಿನ ಹಿಡಿತೈತ್ರಿ?"

"ದಿನ ಅಲ್ರಿ, ವರ್ಷ. ಮೂರರಿಂದ ಐದು. ಮೊದಲು ವಾರಕ್ಕೊಮ್ಮೆ, ಆಮ್ಯಾಲ ತಿಂಗಳಿಗೊಮ್ಮೆ."

"ಪೂರ್ತಿ ಗುಣ ಆಗ್ತೈತೇನ್ರಿ?"

"ಆಗೇ ಆಗ್ತೈತಿ ಅಂತ ನಾ ಹೇಳಂಗಿಲ್ಲ. ಭಾಳ ಮಂದಿಗೆ ಕಡಿಮಿ ಆಗ್ತೈತಿ. ಕೆಲವರಿಗೆ ಏನೂ ಫರಕ್ ಬೀಳಂಗಿಲ್ಲ." ಅವರು ಮುಂದುವರಿಸಿದರು. "ಒಂದು ಮಾತು. ಪ್ರತಿ ಸಲ ಸೂಜಿ ಆದ ಮ್ಯಾಲ ಅರ್ಧ ತಾಸು ಇಲ್ಲೇ, ನಮ್ಮ ಕಣ್ಣ ಮುಂದ ಕುಂದ್ರಬೇಕು. ಅಪರೂಪಕ್ಕ ಒಬ್ಬೊಬ್ಬರಿಗೆ ಮೈತುಂಬ ದದ್ದು ಏಳ್ತಾವ, ಗಂಟಲು ಕಟ್ಟತೈತಿ, ಉಸರು ಹಿಡಿತೈತಿ. ಅದಕ್ಕ ಔಷಧ ಐತಿ, ಕೈಯಾಗ ಹಿಡ್ಕೊಂಡೇ ಇರ್ತೀವಿ. ಆದ್ರ ಆಗಂಗಿಲ್ಲ ಅಂತ ಸುಳ್ಳು ಹೇಳಾಕ ಬರಂಗಿಲ್ಲ."

"ನಮ್ಮಕ್ಕ ಸೂಜಿ ಮಾಡಿದ ಮ್ಯಾಲೇ ಸತ್ತಳ್ರಿ," ಎಂದೆ.

ಡಾಕ್ಟರು ಪೆನ್ನು ಕೆಳಗಿಟ್ಟರು. "ಯಾವ ಸೂಜಿ? ಯಾಕ ಮಾಡಿದ್ರು? ಆಕಿಗೆ ಏನಾಗಿತ್ತು?"

ನಮ್ಮ ಮನೆಯಲ್ಲಿ ಅದನ್ನು ಯಾರೂ ಕೇಳಿದವರಲ್ಲ.

"ಅವಸರ ಇಲ್ಲ," ಎಂದರು ಅವರು. "ಮನಿಯವರನ್ನ ಕೇಳ್ಕೊಂಡು ಬರ್ರಿ. ಗೊತ್ತಾದ್ರ ನಮಗೂ ಛಲೋ."

ಅಕ್ಕ ಹೋದಾಗ ನನಗೆ ಒಂಬತ್ತು ವರ್ಷ. ಅಕ್ಕನಿಗೆ ಹದಿನೆಂಟು ತುಂಬಿರಲಿಲ್ಲ. ನನ್ನ ತಲೆ ಬಾಚಿ, ಹೆರಳು ಹಾಕಿ, ಶಾಲೆಗೆ ಕಳಿಸುತ್ತಿದ್ದವಳು ಅವಳು. ಹೆರಳು ಎಳೆದು ಕಟ್ಟುವಾಗ ನೋವಾಗಿ ಅತ್ತರೆ, "ಸಡಿಲ ಕಟ್ಟಿದ್ರ ಮಧ್ಯಾಹ್ನದಾಗ ಬಿಚ್ಚಿ ಹುಚ್ಚಿ ಹಂಗ ಬರ್ತೀ," ಎಂದು ಬೆನ್ನಿಗೆ ಗುದ್ದುತ್ತಿದ್ದಳು. ಅವಳು ಹೋದ ದಿನದ ನೆನಪು ನನಗೆ ಚಿತ್ರವಾಗಿ ಉಳಿದಿದೆ. ಪಡಸಾಲೆಯಲ್ಲಿ ಅಕ್ಕ ಗೋಡೆಗೆ ಒರಗದೆ ಕೂತಿದ್ದಾಳೆ. ಸುತ್ತಲಿನ ಹಳ್ಳಿಗಳಿಗೆ ಸೈಕಲ್ ಮೇಲೆ ಬಂದು ಸೂಜಿ ಮಾಡಿ ಹೋಗುತ್ತಿದ್ದ ಒಬ್ಬ ಕಾಂಪೌಂಡರ್ ಇದ್ದ. ಅವನು ಸ್ಟೀಲಿನ ಡಬ್ಬಿಯಲ್ಲಿ ಗಾಜಿನ ಸಿರಿಂಜ್ ಕುದಿಸುತ್ತಿದ್ದಾನೆ. ಸ್ಪಿರಿಟ್ಟಿನ ವಾಸನೆ ಮನೆಯೆಲ್ಲ ತುಂಬಿದೆ. ಅಕ್ಕ ನನ್ನ ಕೈ ಹಿಡಿದಿದ್ದಾಳೆ. ಸೂಜಿ ಆಯಿತು. ಅವಳು "ನೀರು" ಎಂದಳು. ನಾನು ಕೈ ಬಿಡಿಸಿಕೊಂಡು ನೀರು ತರಲು ಓಡಿದೆ. ತಂಬಿಗೆ ತುಂಬಿಕೊಂಡು ಬರುವಷ್ಟರಲ್ಲಿ ಅವ್ವ ಅಳುತ್ತಿದ್ದಳು.

ಸಂಜೆ ಊರ ಮಂದಿ ಕಾಂಪೌಂಡರನನ್ನು ಅಗಸೆ ಬಾಗಿಲ ಹತ್ತಿರ ಹಿಡಿದು ಹೊಡೆದರು. ಅವನ ಸೈಕಲ್ಲನ್ನು ಕಲ್ಲಿನಿಂದ ಜಜ್ಜಿದರು. ಅವನು ಮತ್ತೆ ನಮ್ಮ ಕಡೆ ಸುಳಿಯಲಿಲ್ಲ. ಅಂದಿನಿಂದ ನಮ್ಮ ಮನೆಯಲ್ಲಿ ಯಾರಿಗೂ ಸೂಜಿ ಇಲ್ಲ. ನನ್ನ ಹೆರಿಗೆಯಲ್ಲಿ ನರ್ಸಮ್ಮ ಸಿರಿಂಜ್ ಹಿಡಿದು ಬಂದಾಗ ನಾನು ಕೂಗಿಕೊಂಡದ್ದು ನೋವಿಗಲ್ಲ.

ಡಾಕ್ಟರ ಮಾತು ಕೇಳಿ ಬಂದ ಮೇಲೆ ಹಲವು ದಿನ ಮನಸ್ಸು ಹೊಯ್ದಾಡಿತು. ಗಂಡನಿಗಂತೂ ಈ ವಿಚಾರವೇ ಹಿಡಿಸಲಿಲ್ಲ. ಅವರು ಬೀಜ ಗೊಬ್ಬರದ ಅಂಗಡಿ ನಡೆಸುವವರು, ತೂಗಿ ನೋಡುವ ಸ್ವಭಾವ. "ಮಾತ್ರಿ ಅದಾವು, ಪಂಪು ಐತಿ. ಹೆಂಗೋ ನಡದೈತಿ. ಇಲ್ಲದ ಗಂಡಾಂತರ ಯಾಕ ಮೈಮ್ಯಾಲ ಹಾಕ್ಕೋತಿ?" ಎಂದರು. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ರವಿವಾರ ನಾನು ತವರಿಗೆ ಹೋಗುವ ಬಸ್ಸು ಹತ್ತಿದೆ.

ಅವ್ವ ಇರುವುದು ನನ್ನ ತಮ್ಮನ ಸಂಸಾರದ ಜೊತೆ. ನಾನು ಹೋದಾಗ ತಮ್ಮ, ಅವನ ಹೆಂಡತಿ ಹೊಲಕ್ಕೆ ಹೋಗಿದ್ದರು. ಅವ್ವ ಒಬ್ಬಳೇ ಪಡಸಾಲೆಯಲ್ಲಿ ಕಾಲು ಚಾಚಿ, ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಚಹಾ ಕುಡಿದ ಮೇಲೆ ನೇರವಾಗಿ ಕೇಳಿದೆ.

"ಯವ್ವಾ, ಅಕ್ಕಗ ಅವತ್ತು ಸೂಜಿ ಯಾಕ ಮಾಡಿಸಿದ್ರಿ?"

ಅವ್ವನ ಕೈ ಮೊರದಲ್ಲಿ ಆಡುತ್ತಲೇ ಇತ್ತು. "ಜ್ವರ ಬಂದಿತ್ತು."

"ಡಾಕ್ಟರ ಕೇಳ್ಯಾರ. ನನಗೂ ಸೂಜಿ ಮಾಡ್ತಾರಂತ, ದಮ್ಮಿಗೆ. ಖರೇ ಗೊತ್ತಾಗಬೇಕು."

ಕೈ ನಿಂತಿತು. ಹೊರಗೆ ಆಡೊಂದು ಒದರುತ್ತಿತ್ತು. ಆಮೇಲೆ ಅವಳು ಮೊರವನ್ನು ಪಕ್ಕಕ್ಕೆ ಸರಿಸಿದಳು.

"ಜ್ವರ ಇದ್ದಿಲ್ಲ. ಆಕಿಗೂ ದಮ್ಮ ಇತ್ತು."

ನಾನು ಅವಳ ಹತ್ತಿರ ಸರಿದು ಕೂತೆ.

"ಎರಡು ವರ್ಷದಿಂದ ಇತ್ತು. ಜೋಳದ ರಾಶಿ ಬಂತಂದ್ರ ಸಾಕು, ಆ ತೆನಿ ಸುಂಕಿನ ಧೂಳು ಎದ್ದು ಎದಿ ಸುಂಯ್ ಸುಂಯ್ ಅಂತಿತ್ತು. ಕಷಾಯ ಕುಡಿಸಿದ್ವಿ. ಎಣ್ಣಿ ತಿಕ್ಕಿದ್ವಿ. ದವಾಖಾನಿಗೆ ಮಾತ್ರ ತೋರಸಲಿಲ್ಲ. ಕುಷ್ಟಗಿ ಕಡೆಯಿಂದ ಗಂಡು ಬಂದಿತ್ತು. ಒಪ್ಪಿದ್ರು, ಎಲಿ ಅಡಕಿ ಆಗಿತ್ತು. ದಮ್ಮಿನ ಹುಡುಗಿ ಅಂತ ಗೊತ್ತಾದ್ರ ಯಾರ ಮಾಡ್ಕೋತಾರ? ಲಗ್ನ ಆಗ್ಲಿ, ಆಮ್ಯಾಲ ನೋಡೂಣು ಅಂದ್ರು ನಿಮ್ಮಪ್ಪ. ನಾನೂ ಹೂಂ ಅಂದೆ."

"ಅವತ್ತು?"

"ಅವತ್ತಿಗೆ ಎಷ್ಟೋ ದಿನ ಆಗಿತ್ತು ಆಕಿ ಮಲಗಿ. ಮಲಗಾಕ ಆಗ್ತಿದ್ದಿಲ್ಲ, ಕುಂತೇ ಇದ್ಲು. ಸೂಜಿಯಂವ ಬಂದಾಗ ತುಟಿ ನೀಲಿ ಆಗಿದ್ವು. ಅಂವ ನೋಡಿದಾವನ ಅಂದ, ಇದು ನನ್ನ ಕೈಯಾಂದಲ್ಲ, ಗಾಡಿ ಕಟ್ರಿ, ಯಲಬುರ್ಗಾಕ್ಕ ಒಯ್ರಿ ಅಂತ. ನಾನ ಕೈಮುಗದೆ. ಒಂದು ಸೂಜಿ ಮಾಡ್ರಿ, ಅಷ್ಟಕ್ಕ ಕಡಿಮಿ ಆಗ್ತೈತಿ ಅಂತ. ಹಗಲೊತ್ತಿನ್ಯಾಗ ಗಾಡಿ ಕಟ್ಟಿದ್ರ ಊರಿಗೆಲ್ಲ ಗೊತ್ತಾಕ್ಕಿತ್ತು."

ಅವ್ವ ಅಳಲಿಲ್ಲ. ಅವಳ ದನಿ ಯಾರದೋ ಮನೆಯ ಸುದ್ದಿ ಹೇಳುವಂತಿತ್ತು.

"ಅವನನ್ನ ಹೊಡದ್ರು," ಎಂದೆ.

"ಹೊಡದ್ರು. ನಾವು ಬ್ಯಾಡ ಅನ್ನಲಿಲ್ಲ."

"ಹಂಗಾದ್ರ ಅಕ್ಕ ಸೂಜಿಯಿಂದ ಸತ್ತಿಲ್ಲೇನು?"

"ನನಗೇನ ಗೊತ್ತ ತಂಗಿ? ಸೂಜಿ ಆತು, ಆಕಿ ಹೋದ್ಲು. ಸೂಜಿ ಆಗದಿದ್ರ ಉಳಿತಿದ್ಲೇನೋ, ಅದೂ ಗೊತ್ತಿಲ್ಲ. ಗಾಡಿ ಕಟ್ಟಿದ್ರ ಉಳಿತಿದ್ಲೇನೋ. ಇಷ್ಟು ವರ್ಷ ಅದನ್ನೇ ಕೇಳ್ಕೋತ ಕುಂತೀನಿ." ನಂತರ ನನ್ನ ಕಡೆ ನೋಡಿ, "ಹುಲಿಗ್ಯಾಗ ನೀ ಕುಂತಿದ್ದಿಯಲ್ಲ, ಮೊಣಕಾಲ ಮ್ಯಾಲ ಕೈ ಊರಿ? ಆಕಿನೂ ಹಂಗ ಕುಂತಿದ್ಲು. ಅದೇ ಮುಖ," ಎಂದಳು.

ಆ ಮಾತು ಕೇಳಿದ ಮೇಲೆ ನನಗೆ ನಿರ್ಧಾರ ಸುಲಭವಾಯಿತು ಎಂದು ಯಾರಾದರೂ ತಿಳಿದರೆ ಅದು ತಪ್ಪು. ಇನ್ನೂ ಕಷ್ಟವಾಯಿತು. ಮೊದಲು ಅಕ್ಕ ಒಂದೇ ಕಡೆ ಇದ್ದಳು, ಸೂಜಿಯ ಆ ಬದಿಗೆ. ಅತ್ತ ಹೋಗದಿದ್ದರೆ ಆಯಿತು ಅಂದುಕೊಂಡಿದ್ದೆ. ಈಗ ಎರಡೂ ಬದಿಗೆ ಅವಳೇ ನಿಂತಿದ್ದಳು. ಸೂಜಿ ಮಾಡಿಸಿಕೊಂಡರೂ ಅವಳು, ಮಾಡಿಸಿಕೊಳ್ಳದೆ ಕೂತರೂ ಅವಳು. ಶಾಲೆಯಲ್ಲಿ ಮಕ್ಕಳು "ಅಕ್ಕೋರ" ಎಂದು ಕರೆದಾಗಲೆಲ್ಲ ಬೆನ್ನ ಹಿಂದೆ ಇನ್ನಾರೋ ಓಗೊಡುತ್ತಾರೆ ಅನಿಸುತ್ತಿತ್ತು. ನನಗೆ ಗೊತ್ತಿಲ್ಲದೆ ಒಮ್ಮೆ ತಿರುಗಿಯೂ ನೋಡಿದ್ದೆ.

ಆ ಸುಗ್ಗಿಗೆ ಹಿಂದಿನ ಗದ್ದೆಗೆ ಯಂತ್ರ ಇಳಿಯಿತು. ಕಿಟಕಿ ಬಾಗಿಲು ಹಾಕಿಕೊಂಡು, ಬಾಗಿಲ ಸಂದಿಗೆ ಒದ್ದೆ ಬಟ್ಟೆ ತುರುಕಿ, ಮಂಚದ ಅಂಚಿನಲ್ಲಿ ಕುಳಿತಿದ್ದೆ. ಎದುರಿಗೆ ಅಲಮಾರಿಯ ಕನ್ನಡಿ. ಅದರಲ್ಲಿ ಮೊಣಕಾಲ ಮೇಲೆ ಕೈ ಊರಿ, ಬಾಯಿ ತೆರೆದು, ಹೆಗಲು ಎತ್ತಿ ಎತ್ತಿ ಉಸಿರೆಳೆಯುವ ಒಬ್ಬಳು ಕಂಡಳು. ನಲವತ್ತು ದಾಟಿದ ನನ್ನ ಮುಖ ಅದು, ಗೊತ್ತು. ಆದರೂ ಕೆಲವು ಕ್ಷಣ ನಾನು ನನ್ನನ್ನು ಗುರುತಿಸಲಿಲ್ಲ. ಅವಳು ನನ್ನನ್ನು ನೋಡುತ್ತಿದ್ದಳು. ನೀರು ಕೇಳುವ ಹಾಗೆ.

ಹೀಗೆ ಕೂತುಕೊಂಡು ಕಾಯುವುದು ಸಾಕು ಅನಿಸಿತು. ಧೈರ್ಯ ಬಂತು ಎನ್ನಲಾರೆ. ಕೂತಿರುವ ಭಯ ಸೂಜಿಗೆ ಹೋಗುವ ಭಯಕ್ಕಿಂತ ದೊಡ್ಡದಾಯಿತು, ಅಷ್ಟೇ. ಗಂಡ ಊಟಕ್ಕೆ ಬಂದಾಗ, "ನಾ ಸೂಜಿ ಶುರು ಮಾಡ್ತೀನಿ," ಎಂದೆ. ಅವರು ನನ್ನ ಮುಖ ನೋಡಿ ವಾದಿಸಲಿಲ್ಲ. "ಎದಿ ಸದ್ದು ಇಳೀಲಿ, ಹೋಗೂಣು," ಎಂದರು. ಡಾಕ್ಟರೂ ಅದನ್ನೇ ಹೇಳಿದರು. ಉಬ್ಬಸ ಪೂರ್ತಿ ಹತೋಟಿಗೆ ಬರದೆ ಸೂಜಿ ಇಲ್ಲ.

ಅವ್ವ ತಾನೂ ಬರುತ್ತೇನೆಂದು ಹಟ ಹಿಡಿದಳು. ಊರಿನಿಂದ ಬಸ್ಸಿನಲ್ಲಿ ಕೊಪ್ಪಳಕ್ಕೆ ಬಂದು, ನಮಗಿಂತ ಮೊದಲೇ ದವಾಖಾನೆಯ ಮೆಟ್ಟಿಲ ಮೇಲೆ ಕೂತಿದ್ದಳು. ನಾನು ಕೈಕಾಲು ತೊಳೆಯಲು ಒಳಗೆ ಹೋದೆ. ಗಂಡ ಗಾಡಿ ನಿಲ್ಲಿಸಲು ಹೋದರು. ಆ ಹೊತ್ತಿಗೆ ಅವ್ವನೇ ಕಿಟಕಿಯ ಹತ್ತಿರ ಹೋಗಿ ಚೀಟಿ ಮಾಡಿಸಿದ್ದಳು.

ಹೊರಗೆ ಬಂದು ಬೆಂಚಿನ ಮೇಲೆ ಕೂತೆ. ತುಸು ಹೊತ್ತಿನಲ್ಲಿ ನರ್ಸು ಬಾಗಿಲಲ್ಲಿ ನಿಂತು ಹೆಸರು ಕೂಗಿದಳು.

ಅಕ್ಕನ ಹೆಸರು.

ಅದು ನಮ್ಮ ಕಡೆ ಅಪರೂಪದ ಹೆಸರೇನಲ್ಲ. ಬೇರೆ ಯಾರೋ ಇರಬೇಕು ಎಂದು ಸುತ್ತ ನೋಡಿದೆ. ಯಾರೂ ಏಳಲಿಲ್ಲ. ನರ್ಸು ಮತ್ತೊಮ್ಮೆ ಕೂಗಿದಳು, ಈ ಸಲ ನಮ್ಮ ಮನೆತನದ ಹೆಸರನ್ನೂ ಸೇರಿಸಿ. ನಾನು ಅವ್ವನ ಕಡೆ ತಿರುಗಿದೆ.

"ಕೇಳಿದ್ರು ಹೆಸರೇನಂತ," ಎಂದಳು. "ಬಾಯಾಗ ಅದ ಬಂತು ತಂಗಿ. ಅದ ಬಂತು."

ನರ್ಸಿಗೆ ತಿದ್ದಿ ಹೇಳಬಹುದಿತ್ತು. ನಾನು ಎದ್ದು ಒಳಗೆ ಹೋದೆ. ಡಾಕ್ಟರು ನನ್ನ ಮುಖ ನೋಡಿ ಗುರುತಿಸಿ, ಚೀಟಿ ನೋಡಿ ಹುಬ್ಬು ಏರಿಸಿದರು. ಆಮೇಲೆ ತಾವೇ ಅದನ್ನು ಹೊಡೆದುಹಾಕಿ ನನ್ನ ಹೆಸರು ಬರೆದರು. ಅವ್ವ ಹೇಳಿದ್ದನ್ನೆಲ್ಲ ಅವರಿಗೆ ಹೇಳಿದೆ. "ಯಾವ ಔಷಧ ಕೊಟ್ಟಿದ್ರು ಅಂತ ಈಗ ಯಾರಿಗೂ ಹೇಳಾಕ ಬರಂಗಿಲ್ಲ," ಎಂದರು. "ಆದ್ರ ನೀವು ಹೇಳೋದು ನೋಡಿದ್ರ, ದಮ್ಮೇ ಕೈಮೀರಿ ಹೋಗಿತ್ತು ಅನಸ್ತೈತಿ. ಅನಸ್ತೈತಿ ಅಷ್ಟ." ಅವರು ಎದೆ ಪರೀಕ್ಷಿಸಿ, ತೋಳಿನ ಚರ್ಮದ ಅಡಿಗೆ ಸಣ್ಣದೊಂದು ಸೂಜಿ ಹಾಕಿದರು. ಇರುವೆ ಕಡಿದಷ್ಟೂ ನೋವಾಗಲಿಲ್ಲ.

ಆ ಅರ್ಧ ತಾಸು ಅವ್ವ ನನ್ನ ಮಣಿಕಟ್ಟನ್ನು ಹಿಡಿದೇ ಕೂತಿದ್ದಳು. ಬಳೆ ಒತ್ತಿ ಚರ್ಮದಲ್ಲಿ ಗುರುತು ಮೂಡಿತು. ಸ್ಪಿರಿಟ್ಟಿನ ವಾಸನೆಗೆ ನಾನು ಹಳೆಯ ಪಡಸಾಲೆಗೆ ಹೋಗಿದ್ದೆ. ನನ್ನ ಇನ್ನೊಂದು ಬದಿಯ ಕುರ್ಚಿ ಖಾಲಿ ಇತ್ತು. ಜನ ನಿಂತಿದ್ದರೂ ಅದರಲ್ಲಿ ಯಾರೂ ಕೂರಲಿಲ್ಲ. ನಾನು ಅತ್ತ ತಿರುಗಿ ನೋಡಲಿಲ್ಲ. ತೋಳಿನಲ್ಲಿ ಸಣ್ಣ ಗುಳ್ಳೆ ಬಿಟ್ಟರೆ ಬೇರೇನೂ ಆಗಲಿಲ್ಲ. ನರ್ಸು ಬಂದು ನೋಡಿ, "ಹೋಗಬಹುದ್ರಿ," ಎಂದಾಗ ಅವ್ವನ ಬೆರಳು ಬಿಡಿಸುವುದೇ ಕಷ್ಟವಾಯಿತು.

ವಾರವಾರವೂ ಹೋದೆ. ಶಾಲೆ ಮುಗಿಸಿ ಬಸ್ಸು ಹಿಡಿದು ಹೋಗುವುದು, ಕಾಯುವುದು, ಬರುವುದು. ಒಬ್ಬಳೇ ಹೋಗುವುದು ರೂಢಿಯಾಯಿತು. ಔಷಧದ ಅಳತೆ ಏರುತ್ತಾ ಹೋಯಿತು. ಭಯ ಹೋಯಿತು ಎನ್ನುವ ಹೊತ್ತಿಗೆ ಅದು ಆಯಿತು.

ಆ ದಿನ ಸೂಜಿಯಾಗಿ ಸ್ವಲ್ಪ ಹೊತ್ತಿಗೆ ಅಂಗೈ ತುರಿಸತೊಡಗಿತು. ನಂತರ ಅಂಗಾಲು. ಕಿವಿ ಕಾದಂತೆ ಆಯಿತು. ನಾಲಿಗೆ ದಪ್ಪವಾದ ಹಾಗೆ, ಗಂಟಲಲ್ಲಿ ಏನೋ ಊದಿದ ಹಾಗೆ. ನಾನು ಎದ್ದು ನಿಂತೆ, ನರ್ಸಿನ ಕಡೆ ಕೈ ಎತ್ತಿದೆ. ಮಾತು ಬರಲಿಲ್ಲ. ಅವಳು ಓಡಿಬಂದು ನನ್ನನ್ನು ಮಲಗಿಸಿ ಕೂಗಿದಳು. ಮೇಲಿನ ಸೂರು ದೂರ ಹೋಯಿತು. ತೊಡೆಗೆ ಏನೋ ಚುಚ್ಚಿತು. ಆ ಹೊತ್ತಿನಲ್ಲಿ ಯಾರೋ ನನ್ನ ಕೂದಲನ್ನು ಹಿಂದಕ್ಕೆ ಎಳೆದು ಕಟ್ಟುತ್ತಿರುವ ಹಾಗಾಯಿತು, ನೋವಾಗುವಷ್ಟು ಬಿಗಿಯಾಗಿ. ನರ್ಸು ನನ್ನ ತಲೆಯ ಕೆಳಗೆ ಕೈ ಹಾಕಿರಬೇಕು, ಕೂದಲು ಸಿಕ್ಕಿರಬೇಕು. ಹಾಗೆಂದು ಆಮೇಲೆ ನನಗೆ ನಾನೇ ಹೇಳಿಕೊಂಡೆ. ಅವಳನ್ನು ಕೇಳಲಿಲ್ಲ.

ಎದೆ ಡಬಡಬ ಬಡಿಯಿತು, ಉಸಿರು ಮರಳಿತು. ಡಾಕ್ಟರು ಮಂಚದ ಪಕ್ಕದಲ್ಲಿ ಕೂತಿದ್ದರು. "ಹೆದರಬ್ಯಾಡ್ರಿ ಅಕ್ಕೋರ. ಇದನ್ನೇ ನಾ ಮೊದಲ ಹೇಳಿದ್ದು. ಔಷಧ ಹಿಡೀತು." ಸಂಜೆಯವರೆಗೆ ಅಲ್ಲೇ ಇರಿಸಿಕೊಂಡರು. ಕರೆದೊಯ್ಯಲು ಬಂದ ಗಂಡನ ಮುಖ ಬಿಳಿಚಿತ್ತು. ದಾರಿಯಲ್ಲಿ ಒಂದೇ ಮಾತು ಆಡಿದರು. "ಇನ್ನ ಸಾಕು."

ನಾನೂ ಸಾಕು ಎಂದೇ ಅಂದುಕೊಂಡೆ. ಎರಡು ವಾರ ಹೋಗಲಿಲ್ಲ. ಅವ್ವನಿಗೆ ಹೇಳಬಾರದು ಎಂದಿದ್ದೆ. ಆದರೆ ಫೋನಿನಲ್ಲಿ ಅವಳು "ಹೆಂಗದಿ?" ಎಂದಾಗ ಬಾಯಿ ತಾನಾಗಿ ಎಲ್ಲವನ್ನೂ ಹೇಳಿಬಿಟ್ಟಿತು. ಬಯ್ಯುತ್ತಾಳೆ, ಅಳುತ್ತಾಳೆ ಅಂದುಕೊಂಡೆ.

"ಉಸರು ಹಿಡೀತಂತಿ. ಆಮ್ಯಾಲ ಅವರು ಏನ ಮಾಡಿದ್ರು?" ಎಂದು ಕೇಳಿದಳು.

"ಇನ್ನೊಂದು ಸೂಜಿ ಮಾಡಿದ್ರು."

"ಅದಕ್ಕ ಉಸರು ಬಂತು?"

"ಬಂತು."

"ಹಂಗಾದ್ರ ಅಂಥಾ ಸೂಜಿನೂ ಐತಿ," ಎಂದಳು ಅವ್ವ. ಫೋನು ಇಡುವ ಮುಂಚೆ ಮತ್ತೆ ಅಂದಳು, "ಆ ಸೂಜಿಯಂವನ ಡಬ್ಬ್ಯಾಗ ಅದು ಇದ್ದಿಲ್ಲೇನೋ."

ಅದು ನನಗೆ ಹೋಗು ಎಂದದ್ದೋ, ಬೇಡ ಎಂದದ್ದೋ ತಿಳಿಯಲಿಲ್ಲ. ನಾನು ಡಾಕ್ಟರಿಗೆ ಫೋನು ಮಾಡಿ ಮುಂದೇನು ಎಂದು ಕೇಳಿದೆ. ಬಿಡುವುದೂ ಸರಿ, ಅಳತೆ ಬಹಳ ಕೆಳಗಿಳಿಸಿ ನಿಧಾನ ಏರಿಸುವುದೂ ಸರಿ, ತೀರ್ಮಾನ ನಿಮ್ಮದು ಎಂದರು. ಮರುವಾರ ಹೋದೆ. ಈ ಸಲ ಗಂಡ ಅಂಗಡಿ ಮುಚ್ಚಿ ಜೊತೆಗೆ ಬಂದರು. ಪತ್ರಿಕೆ ಹಿಡಿದು ಕೂತಿದ್ದರು, ಒಂದು ಪುಟವನ್ನೂ ತಿರುವಲಿಲ್ಲ. ಅವರು ಇಂದಿಗೂ ಬರುತ್ತಾರೆ.

ಈಗ ಎರಡನೆಯ ವರ್ಷ ನಡೆದಿದೆ. ತಿಂಗಳಿಗೊಂದು ಸೂಜಿ. ಗುಣವಾಗಿದ್ದೇನೆ ಎಂದು ಹೇಳಲಾರೆ. ಹೋದ ಸುಗ್ಗಿಯಲ್ಲಿ ಪಂಪು ತೆಗೆದದ್ದು ಕಡಿಮೆ. ಮಲಗಿ ನಿದ್ದೆ ಮಾಡಿದೆ. ಪಾಠದ ನಡುವೆ ಮೂಗು ಒರೆಸಿಕೊಳ್ಳಲು ಹೊರಗೆ ಹೋಗುವುದು ನಿಂತಿದೆ. ಅದು ಔಷಧದಿಂದಲೋ, ಆ ವರ್ಷದ ಗಾಳಿಯಿಂದಲೋ ಎಂದು ಕೇಳಿದರೆ, ಇನ್ನೂ ಒಂದೆರಡು ಸುಗ್ಗಿ ನೋಡೋಣ ಎನ್ನುತ್ತಾರೆ ಡಾಕ್ಟರು. ಅಕ್ಕ ಹೋಗಿಲ್ಲ. ಮೊದಲು ಅವಳು ಸ್ಪಿರಿಟ್ಟಿನ ವಾಸನೆಗೆ ಮಾತ್ರ ಬರುತ್ತಿದ್ದಳು, ಈಗ ವಾಸನೆ ಇಲ್ಲದೆಯೂ ಬರುತ್ತಾಳೆ. ಅವಳ ಜೊತೆಗೆ ಒಮ್ಮೊಮ್ಮೆ ಆ ಕಾಂಪೌಂಡರನೂ ಇರುತ್ತಾನೆ, ಜಜ್ಜಿದ ಸೈಕಲ್ಲನ್ನು ನೂಕಿಕೊಂಡು. ಅವನು ಬದುಕಿದ್ದಾನೋ ಇಲ್ಲವೋ ತಿಳಿಯಲು ತಮ್ಮನಿಂದ ವಿಚಾರ ಮಾಡಿಸಿದೆ. ಆ ಕಡೆಯ ಯಾರಿಗೂ ಅವನ ನೆನಪಿಲ್ಲ.

ಹೋದ ತಿಂಗಳು ನನ್ನ ಸೂಜಿಯಾಗಿ ಕೂತಿದ್ದಾಗ ಬುರ್ಖಾ ತೊಟ್ಟ ಹೆಂಗಸೊಬ್ಬಳು ಒಳಗಿಂದ ಬಂದು ಪಕ್ಕದಲ್ಲಿ ಕೂತಳು. ತೋಳನ್ನು ಹತ್ತಿಯಿಂದ ಒತ್ತಿ ಹಿಡಿದಿದ್ದಳು. ಅವಳಿಗೆ ಅದು ಮೊದಲ ಸಲ.

"ಏನೂ ಆಗಂಗಿಲ್ಲಲ್ರಿ ಅಕ್ಕಾ?" ಎಂದು ನನ್ನನ್ನು ಕೇಳಿದಳು.

ಆಗುವುದಿಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ಆಗುತ್ತದೆ ಎನ್ನಲೂ ಬರಲಿಲ್ಲ. "ಅಂಗೈ ತುರಿಸಿದ್ರ, ಗಂಟಲ್ದಾಗ ಏನರ ಅನಿಸಿದ್ರ ಲಗೂನ ಹೇಳ್ರಿ, ಸುಮ್ಮನ ಕುಂದ್ರಬ್ಯಾಡ್ರಿ," ಎಂದೆ. ನನ್ನ ಅರ್ಧ ತಾಸು ಮುಗಿದಿತ್ತು. ನರ್ಸು ಹೋಗಬಹುದು ಎಂದು ಸನ್ನೆ ಮಾಡಿದಳು. ಗಂಡ ಎದ್ದು ನಿಂತರು.

"ನೀವು ಗಾಡಿ ಹತ್ರ ಇರ್ರಿ, ಇವರ ಅರ್ಧ ತಾಸು ಮುಗದ ಮ್ಯಾಲ ಬರ್ತೀನಿ," ಎಂದು ಅವರಿಗೆ ಹೇಳಿ, ಆ ಹೆಂಗಸಿನ ಜೊತೆ ಕೂತೆ.